ನಡುಮನೆಯ ಹಗ್ಗ

ಕೇಳುವವರ ಮನೆ ತಣ್ಣಗಿರಲಿ, ಹೇಳುವ ನಾಲಗೆ ದಾರಿ ತಪ್ಪದಿರಲಿ.

ಒಂದು ಊರು. ಆ ಊರಿನಲ್ಲಿ ಒಂದು ಬೀದಿಯ ಮಾತು ಇನ್ನೊಂದು ಬೀದಿಗೆ ಕೇಳುತ್ತಿರಲಿಲ್ಲ. ಗಂಟಲು ಹರಿಯುವ ಹಾಗೆ ಕೂಗಿದರೂ ಅಷ್ಟೇ, ಬೀದಿಯ ಕೊನೆ ಮುಟ್ಟುವ ಹೊತ್ತಿಗೆ ಕೂಗು ಬಿಸಿಲು ಬಿದ್ದ ಮಂಜಿನಂತೆ ಕರಗಿಹೋಗುತ್ತಿತ್ತು. ಯಾಕೆ ಹೀಗೆ ಅಂತ ಯಾರೂ ಕೇಳಿದವರಲ್ಲ. ನೀರು ತಗ್ಗಿಗೆ ಹರಿಯುತ್ತದೆ, ಹೊಗೆ ಮೇಲಕ್ಕೆ ಹೋಗುತ್ತದೆ, ಮಾತು ಬೀದಿ ದಾಟುವುದಿಲ್ಲ. ದೇವರು ಇಟ್ಟ ಹಾಗೆ ಇರೋಣ ಅಂತ ಇದ್ದರು.

ಬೀದಿ ದಾಟಬೇಕಾದ ಮಾತನ್ನು ಕುಡಿಕೆಯೊಳಗೆ ಹೇಳಿ ಮುಚ್ಚಳ ಮುಚ್ಚಬೇಕು. ಕುಡಿಕೆಯನ್ನು ತಂದು ನಡುಮನೆಯ ಹೊಸ್ತಿಲ ಮೇಲೆ ಇಡಬೇಕು. ಊರಿನ ಬೀದಿಗಳೆಲ್ಲ ಬಂದು ಕೂಡುವುದು ಆ ನಡುಮನೆಯಲ್ಲಿ. ಒಂದೊಂದು ಬೀದಿಗೆ ಒಂದೊಂದು ಬಾಗಿಲು. ಮನುಷ್ಯರು ದಾಟುವುದೂ ಆ ಬಾಗಿಲಲ್ಲೇ, ಮಾತು ದಾಟುವುದೂ ಆ ಬಾಗಿಲಲ್ಲೇ. ಬೇರೆ ದಾರಿ ಇಲ್ಲ.

ನಡುಮನೆಯ ತೊಲೆಯಿಂದ ಒಂದು ಹಗ್ಗ ಇಳಿಬಿದ್ದಿತ್ತು. ಹಗ್ಗದ ತುಂಬ ಗಂಟು, ಒಂದೊಂದು ಗಂಟು ಒಂದೊಂದು ಕಟ್ಟಳೆ. ಕುಡಿಕೆ ಹೊಸ್ತಿಲಿಗೆ ಬಂದ ಕೂಡಲೇ ಹಗ್ಗ ಒಮ್ಮೆ ಅಲುಗುತ್ತಿತ್ತು. ಮೇಲಿನ ಗಂಟಿನಿಂದ ಕೆಳಕ್ಕೆ ಒಂದೊಂದನ್ನೇ ಕೇಳಿಕೊಂಡು ಬರುತ್ತಿತ್ತು: ಇದು ನಿನಗೆ ಸೇರಿದ್ದೆ? ಇದು ನಿನಗೆ ಸೇರಿದ್ದೆ? ಯಾವ ಗಂಟು ಹೂಂ ಅನ್ನುತ್ತದೋ ಅದರ ಮಾತೇ ಮಾತು. ಅದರ ಕೆಳಗಿನ ಗಂಟುಗಳನ್ನು ಆಮೇಲೆ ಯಾರೂ ಕೇಳುವುದಿಲ್ಲ. ಹೋಗಲಿ ಅಂದರೆ ಬಾಗಿಲು ತೆರೆದು ಕುಡಿಕೆ ತಾನಾಗಿ ಒಳಕ್ಕೆ ಸರಿದು, ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಆಚೆ ಬಾಗಿಲು ದಾಟುತ್ತಿತ್ತು. ಬೇಡ ಅಂದರೆ ಬಾಗಿಲು ಮುಚ್ಚಿಕೊಂಡೇ ಇರುತ್ತಿತ್ತು. ಯಾವ ಗಂಟೂ ಹೂಂ ಅನ್ನದ ಕುಡಿಕೆ ಹಗ್ಗದ ಬೋಳು ತುದಿಗೆ ಬರುತ್ತಿತ್ತು. ಬೋಳು ತುದಿಗೆ ಬಂದದ್ದಕ್ಕೆ ಬಂದ ದಾರಿಯೇ ದಾರಿ.

ಹಗ್ಗಕ್ಕೆ ಗಂಟು ಹಾಕುವ, ಬಿಚ್ಚುವ ಅಧಿಕಾರ ಊರಿನಲ್ಲಿ ಒಬ್ಬರಿಗೇ. ಮೊದಲು ಅದು ಒಬ್ಬ ಮುದುಕಿಯ ಕೈಯಲ್ಲಿತ್ತು. ಅವಳ ಕಣ್ಣು ಮಬ್ಬಾದ ಮೇಲೆ ಅದು ಅವಳ ಅಳಿಯನ ಕೈಗೆ ಬಂತು. ಊರು ಅವನನ್ನು ಗಂಟಿನವನು ಅಂತ ಕರೆಯಿತು.

ಗಂಟಿನವನು ದೈವಭಕ್ತ. ಮಿಂದು ಮಡಿಯುಟ್ಟು, ಹಗ್ಗಕ್ಕೆ ಕೈಮುಗಿಯದೆ ಬಾಯಿಗೆ ನೀರು ಹಾಕಿದವನಲ್ಲ. ಬೆರಳು ಚುರುಕು. ಕತ್ತಲಲ್ಲಿ ಮುಟ್ಟಿದರೂ ಇದು ಯಾವ ಕಟ್ಟಳೆಯ ಗಂಟು ಅಂತ ಹೇಳಬಲ್ಲ. ತನ್ನ ಕೈಯ ಮೇಲೆ ಅವನಿಗೆ ನಂಬಿಕೆ ಇತ್ತು, ಇರಬೇಕಾದದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು.

ಅವನ ಮನೆ ಇದ್ದದ್ದು ಮಣ್ಣಿನ ಬೀದಿಯಲ್ಲಿ. ಊರಿಗೆಲ್ಲ ಕುಡಿಕೆ ಮಾಡಿಕೊಡುವ ಬೀದಿ ಅದು. ಬೀದಿಯ ಬೆನ್ನಿಗೇ ಕೆರೆಯ ಏರಿ. ಏರಿಯ ಕೆಳಗೆ ಮಣ್ಣು ಅಗೆಯುವ ಹೆಂಗಸೊಬ್ಬಳಿದ್ದಳು. ಅವಳು ದಿನವೂ ನಡುಹಗಲಿಗೆ ಒಂದು ಕುಡಿಕೆ ತಂದು ಹೊಸ್ತಿಲ ಮೇಲೆ ಇಡುತ್ತಿದ್ದಳು. ಅದರೊಳಗೆ ಮಾತೇ ಇರುತ್ತಿರಲಿಲ್ಲ, ಬರಿ ಕುಡಿಕೆ. ಅದು ತೂಬಿನ ಬೀದಿಗೆ, ಕೆರೆಯ ನೀರು ಬಿಡುವ ನೀರುಗಂಟಿಯ ಮನೆಗೆ ಹೋಗುತ್ತಿತ್ತು.

ಗಂಟಿನವನು ಒಮ್ಮೆ ಅತ್ತೆಯನ್ನು ಕೇಳಿದ್ದ. “ಅಲ್ಲ ಅತ್ತೆ, ಒಳಗೆ ಏನೂ ಇಲ್ಲದ್ದನ್ನು ಯಾಕೆ ಕಳಿಸುತ್ತಾಳೆ ಅವಳು?”

“ನನ್ನ ಅತ್ತೆಯ ಕಾಲದಿಂದಲೂ ಹೋಗುತ್ತಿದೆ ಅಳಿಯಂದಿರೇ. ಏನೂ ತಿನ್ನುವುದಿಲ್ಲ, ಏನೂ ಕೇಳುವುದಿಲ್ಲ. ಹೋಗಲಿ ಬಿಡಿ.”

ಅವನೂ ಬಿಟ್ಟ.

ಹೀಗಿರುವಾಗ ಮಣ್ಣಿನ ಬೀದಿಯ ಪಡ್ಡೆಗಳು ಒಂದು ಆಟ ಕಟ್ಟಿದರು. ಕುಡಿಕೆಯೊಳಗೆ ಒಂದು ನಗು ನಕ್ಕು ಮುಚ್ಚಳ ಮುಚ್ಚುವುದು. ತೆರೆದವರು ತಾವೂ ನಗಬೇಕು, ಅಂಥ ಎರಡು ಕುಡಿಕೆ ಮುಂದಕ್ಕೆ ಕಳಿಸಬೇಕು. ಮೊದಲ ನಗೆಕುಡಿಕೆ ಬಂದಾಗ ಗಂಟಿನವನೂ ಹೊಟ್ಟೆ ಹಿಡಿದುಕೊಂಡು ನಕ್ಕ. ವಾರ ತುಂಬುವುದರೊಳಗೆ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಹೊಸ್ತಿಲಿಂದ ತೊಲೆಯವರೆಗೆ ಕುಡಿಕೆ, ಕುಡಿಕೆಯ ಮೇಲೆ ಕುಡಿಕೆ, ಎಲ್ಲದರೊಳಗೂ ಒಂದೇ ನಗು.

ಆ ಊರಿನ ಮಾತಿಗೆ ಇನ್ನೊಂದು ಗುಣವಿತ್ತು. ಕುಡಿಕೆಯೊಳಗೆ ಕಾದಷ್ಟೂ ಅದು ಅನ್ನದ ಹಾಗೆ ಹಳಸುತ್ತಿತ್ತು. ‘ಮಗು ಹುಟ್ಟಿತು’ ಅನ್ನುವ ಮಾತು ತೊಟ್ಟಿಲು ಕಟ್ಟಿದ ಮೇಲೆ ತಲುಪಿತು. ‘ಬೆಲ್ಲ ತಾ’ ಅಂದದ್ದು ಹಬ್ಬ ಕಳೆದ ಮೇಲೆ ತಲುಪಿತು. ಸಂತೆ ಬೀದಿಯ ಯಜಮಾನ, ಊರಿನ ಧಾರಣೆ ಹೇಳುವವನು, ಹೆಗಲ ವಲ್ಲಿ ಒದರಿಕೊಂಡು ನಡುಮನೆಗೆ ಬಂದ.

“ಏನಯ್ಯಾ ಗಂಟಿನವನೇ, ನನ್ನ ಧಾರಣೆ ಹುಳಿ ಬರುತ್ತಿದೆ. ನಗುವವರಿಗೆ ಮೊದಲ ಪಂಕ್ತಿ, ದುಡಿಯುವವರಿಗೆ ಎಂಜಲೆಲೆಯೋ?”

“ಎಲ್ಲರದೂ ಒಂದೇ ಸಾಲು ಯಜಮಾನರೇ. ಮೊದಲು ಬಂದದ್ದು ಮೊದಲು.”

“ಹಾಗಾದರೆ ನಾನೇ ದಾರಿ ನೋಡಿಕೊಳ್ಳುತ್ತೇನೆ,” ಅಂದವನು ಮರುದಿನದಿಂದ ತನ್ನ ಕುಡಿಕೆಗಳ ಕೊರಳಿಗೆ ಕೆಂಪು ದಾರ ಕಟ್ಟಿ ಕಳಿಸಿದ. ಕೆಂಪು ದಾರ ಅಂದರೆ ಅವಸರ ಅಂತ ಅರ್ಥವಂತೆ. ಗಂಟಿನವನು ಹೌದೇನೋ ಅಂದುಕೊಂಡು ಕೆಂಪು ದಾರದವು ಮುಂದೆ ಅಂತ ಒಂದು ಗಂಟು ಹಾಕಿದ. ಅದರ ಮಾರನೆಯ ದಿನ ಹಾಡಿನ ಬೀದಿಯವರೂ ಕೆಂಪು ದಾರ ಕಟ್ಟಿದರು. ಮೂರನೆಯ ದಿನ ನಗೆಕುಡಿಕೆಗಳೂ ಕೊರಳಲ್ಲಿ ಕೆಂಪು ದಾರ ತೊಟ್ಟು ಮದುಮಕ್ಕಳ ಹಾಗೆ ಬಂದು ಕೂತವು. ಎಲ್ಲರೂ ಮುಂದೆ ನಿಂತ ಮೇಲೆ ಹಿಂದೆ ನಿಲ್ಲುವವರು ಯಾರು? ಗಂಟಿನವನು ಆ ಗಂಟನ್ನು ಬಿಚ್ಚಿಹಾಕಿದ.

“ಬೇರು ಇರುವುದು ಮಣ್ಣಿನ ಬೀದಿಯಲ್ಲಿ. ಅಲ್ಲೇ ಕಡಿಯುತ್ತೇನೆ,” ಅಂತ ಮನೆಯಲ್ಲಿ ಹೇಳಿದ.

ಮುದುಕಿ ಜಗಲಿಯ ಮೇಲೆ ಬತ್ತಿ ಹೊಸೆಯುತ್ತಿದ್ದಳು. “ಹೊಸ ಗಂಟು ಹಾಕುವ ಮುಂಚೆ ದೀಪ ಹಚ್ಚುವುದು ಮರೆಯಬೇಡಿ ಅಳಿಯಂದಿರೇ. ಒಂದೇ ಮಿಳ್ಳೆ ಎಣ್ಣೆ.”

ಆ ದೀಪದ ಪದ್ಧತಿ ಹೀಗೆ. ಹೊಸ ಗಂಟು ಹಾಕುವಾಗ ಹಗ್ಗದ ಬುಡದಲ್ಲಿ ಒಂದು ದೀಪ ಹಚ್ಚಬೇಕು. ದೀಪ ಉರಿಯುವಷ್ಟು ಹೊತ್ತು ಹೊಸ ಗಂಟು ನಡೆಯುತ್ತದೆ. ಸರಿ ಅನ್ನಿಸಿದರೆ ದೀಪ ಶಾಂತವಾಗುವ ಮೊದಲೇ ಗಂಟಿಗೆ ಅರಗು ಸವರಬೇಕು, ಆಗ ಅದು ನಿಲ್ಲುತ್ತದೆ. ಸವರದೆ ಬಿಟ್ಟರೆ, ದೀಪ ಶಾಂತವಾದ ಗಳಿಗೆಯಲ್ಲಿ ಗಂಟು ತಾನಾಗಿ ಬಿಚ್ಚಿಕೊಂಡು ಹಗ್ಗ ಮೊದಲಿನಂತೆ ಆಗುತ್ತದೆ.

ಗಂಟಿನವನು ಬೆಳಗಿನ ಜಾವ ಮಿಂದು ನಡುಮನೆಗೆ ಹೋದ. ದೀಪ ಇಟ್ಟ. ಎಣ್ಣೆ ಅಳೆಯುವ ಪುಟ್ಟ ಮಿಳ್ಳೆ ಕೈಗೆತ್ತಿಕೊಂಡ. ಅಷ್ಟು ದೊಡ್ಡ ಕೆಲಸಕ್ಕೆ ಅಷ್ಟೇ ಎಣ್ಣೆಯೇ? ದೇವರ ದೀಪಕ್ಕೆ ಜಿಪುಣತನವೇ? ಅವನ ಭಕ್ತಿ ಒಪ್ಪಲಿಲ್ಲ. ಮಿಳ್ಳೆಯನ್ನು ಪಕ್ಕಕ್ಕಿಟ್ಟು ಎಣ್ಣೆಯ ಗಿಂಡಿಯನ್ನೇ ಬಗ್ಗಿಸಿದ. ದೀಪ ಅಂಚು ತುಂಬಿ ತುಳುಕಿತು. ಕೈಮುಗಿದು, ಹಗ್ಗದ ತಲೆಯಲ್ಲಿ, ಎಲ್ಲ ಗಂಟುಗಳ ಮೇಲೆ, ಹೊಸ ಗಂಟು ಹಾಕಿದ: ಮಣ್ಣಿನ ಬೀದಿಯಿಂದ ಬರುವುದೆಲ್ಲ ಹಿಂದಕ್ಕೆ.

ಹಗ್ಗ ಒಮ್ಮೆ ಅಲುಗಿತು. ಮಣ್ಣಿನ ಬೀದಿಯ ಬಾಗಿಲು ಮುಚ್ಚಿತು. ಒಳಗೆ ಬಿದ್ದಿದ್ದ ನಗೆಕುಡಿಕೆಗಳು ಒಂದೊಂದಾಗಿ ದಾಟಿಹೋದವು. ನೆಲ ಕಾಣಿಸಿತು. ಧಾರಣೆಯ ಕುಡಿಕೆ ಬಿಸಿಬಿಸಿಯಾಗಿ ದಾಟಿತು, ಮದುವೆಯ ಕುಡಿಕೆ ದಾಟಿತು, ಔಷಧಿಯ ಕುಡಿಕೆ ದಾಟಿತು. ಸಂತೆ ಬೀದಿಯ ಯಜಮಾನ ಹೊಸ್ತಿಲಲ್ಲಿ ನಿಂತು, “ಗಂಡು ಅಂದರೆ ನೀನಯ್ಯಾ,” ಅಂದ. ಗಂಟಿನವನ ಎದೆ ಒಂದು ಗೇಣು ಅಗಲವಾಯಿತು. ಊಟ ಮುಗಿಸಿ ಬಂದು ಅರಗು ಸವರೋಣ ಅಂತ, ತನ್ನ ಬೀದಿಯ ಬಾಗಿಲಲ್ಲಿ ಮನೆಗೆ ಹೊರಟ. ಹೊರಗೆ ಹೋಗುವವನಿಗೆ ಬಾಗಿಲು ತೆರೆಯಿತು. ಹಿಂದೆ ಮುಚ್ಚಿಕೊಂಡಿತು.

ಉಂಡ. ಎಲೆ ಅಡಿಕೆ ಹಾಕಿದ. ತಿರುಗಿ ಬಂದು, ಯಾರೋ ಇಟ್ಟಿದ್ದ ಕುಡಿಕೆಗಳನ್ನು ಸರಿಸಿ ಹೊಸ್ತಿಲ ಮೇಲೆ ಕಾಲಿಟ್ಟ.

ಬಾಗಿಲು ತೆರೆಯಲಿಲ್ಲ.

ತಳ್ಳಿದ. ಭುಜ ಕೊಟ್ಟ. “ನಾನು ಕಣೋ,” ಅಂದ ಬಾಗಿಲಿಗೆ. ಬಾಗಿಲ ಮೇಲಿನ ಜಾಲಂದ್ರದಲ್ಲಿ ಇಣುಕಿದರೆ ಒಳಗೆ ಹಗ್ಗ ಒಮ್ಮೆ ಅಲುಗಿ ಸುಮ್ಮನಾಯಿತು. ಮೇಲಿನ ಗಂಟನ್ನು ಕೇಳಿತ್ತು, ಮೇಲಿನ ಗಂಟು ಹೂಂ ಅಂದಿತ್ತು, ಮುಗಿಯಿತು.

ಹೆಂಡತಿ ಮನೆಯಿಂದ ಬಂದಳು. ಅವಳ ಕೈ ಹಿಡಿದುಕೊಂಡು ಮುದುಕಿಯೂ ಬಂದಳು.

“ಏನ್ರೀ, ಇನ್ನೂ ಇಲ್ಲೇ ನಿಂತಿದ್ದೀರಿ?”

“ಬಾಗಿಲು ತೆರೆಯುತ್ತಿಲ್ಲ ಕಣೇ.”

“ಯಾರು ಹಾಕಿದ್ದು?”

“ನಾನೇ.”

ಮುದುಕಿ ಬಾಗಿಲನ್ನು ಅಂಗೈಯಿಂದ ಸವರಿದಳು. “ಅಳಿಯಂದಿರೇ, ತಲೆಗಂಟಿಗೆ ಏನು ಹೇಳಿದಿರಿ?”

“ಮಣ್ಣಿನ ಬೀದಿಯಿಂದ ಬರುವುದೆಲ್ಲ ಹಿಂದಕ್ಕೆ ಅಂತ.”

“ನೀವು ಯಾವ ಬೀದಿಯವರು?”

ಗಂಟಿನವನು ತಾನು ನಿಂತ ನೆಲವನ್ನೇ ನೋಡಿದ. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿ ನಗುವನ್ನು ನುಂಗಿಕೊಂಡಳು. “ಊರಿಗೆಲ್ಲ ಬೇಲಿ ಹಾಕಿ ಸ್ವಂತ ಕಾಲನ್ನು ಒಳಗೇ ಬಿಟ್ಟರಲ್ಲ ನಮ್ಮ ಯಜಮಾನರು!”

“ನಗಬೇಡವೇ,” ಅಂದಳು ಮುದುಕಿ. “ಇಂಥದ್ದಕ್ಕೇ ಅಲ್ಲವೇ ಆ ದೀಪ ಇರುವುದು? ಒಂದು ಮಿಳ್ಳೆ ಎಣ್ಣೆ ಎಷ್ಟು ಹೊತ್ತು? ಇನ್ನೇನು ಮುಗಿಯುತ್ತದೆ. ಕೂತಿರಿ.”

ಗಂಟಿನವನು ಕೂರಲಿಲ್ಲ, ಜಾಲಂದ್ರದಲ್ಲಿ ದೀಪದ ಕಡೆ ಇಣುಕಿದ.

“ಒಂದು ಮಿಳ್ಳೆ ತಾನೇ ಹಾಕಿದ್ದು?”

“ಅಂಚು ತುಂಬ ಹಾಕಿದೆ ಅತ್ತೆ. ದೇವರ ದೀಪ ಅಂತ.”

ಮುದುಕಿ ಹೊಸ್ತಿಲ ಮೇಲೆ ಕುಸಿದು ಕೂತಳು. “ಅಯ್ಯೋ ಶಿವನೇ! ನಾಳೆಯವರೆಗೆ ಉರಿಯುತ್ತದಲ್ಲ ಅದು.”

ಆಗಲೂ ಗಂಟಿನವನಿಗೆ ದಿಗಿಲಾಗಲಿಲ್ಲ. ಒಂದು ದಿನ ತಾನೇ, ನಾಳೆ ತೆರೆಯುತ್ತದೆ, ನಾಲ್ಕು ಜನ ನಗುತ್ತಾರೆ, ನಗಲಿ ಅಂದುಕೊಂಡ. ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಮಣ್ಣು ಅಗೆಯುವವಳು ಓಡಿ ಬಂದಳು. ಮೊಣಕಾಲಿನವರೆಗೆ ಕೆಸರು. ಕೈಯಲ್ಲಿ ಎರಡು ಕುಡಿಕೆ.

“ದಾರಿ ಬಿಡಿ ಅಣ್ಣಾ! ತೂಬಿನ ಪಕ್ಕದಲ್ಲಿ ಏರಿ ಒಸರುತ್ತಿದೆ. ಬೆಳಗ್ಗೆ ಬೆರಳಷ್ಟಿತ್ತು, ಈಗ ತೋಳಿನಷ್ಟು. ನೀರುಗಂಟಿ ಬಂದು ತೂಬು ಎತ್ತಿದರೆ ಉಳಿಯುತ್ತದೆ, ಇಲ್ಲವಾದರೆ ಸಂಜೆಯೊಳಗೆ ಏರಿ ಬಾಯಿ ಬಿಡುತ್ತದೆ. ನಡುಹಗಲಿಂದ ಕುಡಿಕೆ ಇಡುತ್ತಿದ್ದೇನೆ, ಇಟ್ಟದ್ದು ಇಟ್ಟಲ್ಲೇ ಇದೆ!”

ಏರಿ ಬಾಯಿ ಬಿಟ್ಟರೆ ಮೊದಲು ಹೋಗುವುದು ಮಣ್ಣಿನ ಬೀದಿ. ಆಮೇಲೆ ನಡುಮನೆ. ಆಮೇಲೆ ಊರು. ತೂಬು ಎತ್ತುವ ಕಬ್ಬಿಣದ ಸಲಾಕೆ ಒಂದೇ, ಅದು ಇರುವುದು ನೀರುಗಂಟಿಯ ಮನೆಯ ಮೂಲೆಯಲ್ಲಿ.

ಗಂಟಿನವನು ಹಗ್ಗ ತಡವುವವನಂತೆ ಗಾಳಿಯಲ್ಲಿ ಬೆರಳಾಡಿಸಿದ. ಬೆರಳಿಗೆ ನೆನಪಿತ್ತು. “ಇದೆ, ಇದೆ! ‘ಕೆರೆಯ ಮಾತು ಎಲ್ಲಿಂದ ಬಂದರೂ ಹೋಗಲಿ’ ಅಂತ ಹಳೆಯ ಗಂಟು ಇದೆ. ನಾನು ಅದನ್ನು ಮುಟ್ಟಿಲ್ಲ!”

“ಎಲ್ಲಿದೆ ಅದು?” ಅಂದಳು ಮುದುಕಿ.

“ಕೆಳಗೆ.”

“ನಿಮ್ಮ ಗಂಟು?”

“ಮೇಲೆ.”

“ಹಾಗಾದರೆ ಅದು ಇದ್ದೂ ಇಲ್ಲ ಅಳಿಯಂದಿರೇ. ಅದನ್ನು ಕೇಳುವವರು ಯಾರು?”

ಜಾಲಂದ್ರದಾಚೆ ದೀಪ ನೆಟ್ಟಗೆ, ತಣ್ಣಗೆ, ಗಾಳಿಗೂ ಅಂಜದೆ ಉರಿಯುತ್ತಿತ್ತು. ಬೀದಿಯ ಹೆಂಗಸರೆಲ್ಲ ಬಾಗಿಲ ಮುಂದೆ ಕೂಡಿದರು. ಊದೋಣ ಅಂದರೆ ಉಸಿರು ಬೀದಿ ದಾಟದು, ನೀರು ಎರಚೋಣ ಅಂದರೆ ನೀರು ಹೊಸ್ತಿಲು ದಾಟದು. ಎರಚಿದ ನೀರು ಜಾಲಂದ್ರ ಮುಟ್ಟಿ ತಿರುಗಿ ಅವರ ಮುಖಕ್ಕೇ ಬಿತ್ತು.

“ದೇವರೇ, ಆ ದೀಪ ಆರಲಿ,” ಅಂದಳೊಬ್ಬಳು.

“ಥೂ, ಹಾಗನ್ನಬಾರದು,” ಅಂದಳು ಮುದುಕಿ. “ಶಾಂತವಾಗಲಿ ಅನ್ನು.”

“ಹುಟ್ಟಿದಾಗಿನಿಂದ ದೀಪ ಉರಿಯಲಿ ಅಂತ ಬೇಡಿಕೊಂಡವಳು ನಾನು,” ಅಂದಳು ಗಂಟಿನವನ ಹೆಂಡತಿ. “ಇವರನ್ನು ಕಟ್ಟಿಕೊಂಡು ಇದನ್ನೂ ಬೇಡುವ ಹಾಗಾಯಿತು.” ಅವಳ ದನಿಯಲ್ಲಿ ಈಗ ನಗೆ ಇರಲಿಲ್ಲ.

ಗಂಟಿನವನು ದೀಪವನ್ನು ಇನ್ನೊಮ್ಮೆ ನೋಡಿದ. ನೋಡುತ್ತ ಕೂತರೆ ಎಣ್ಣೆ ಬೇಗ ತೀರುವುದಿಲ್ಲ ಅನ್ನುವುದು ತಿಳಿಯಿತು. ಪಂಚೆ ಎತ್ತಿ ಕಟ್ಟಿದ. “ಬುಟ್ಟಿ ಕೊಡಕ್ಕಾ,” ಅಂದ ಮಣ್ಣು ಅಗೆಯುವವಳಿಗೆ. ಇಡೀ ಬೀದಿ ಅವನ ಹಿಂದೆ ಏರಿಗೆ ನಡೆಯಿತು. ನಗೆಕುಡಿಕೆಯ ಪಡ್ಡೆಗಳೂ ನಡೆದರು. ಬುಟ್ಟಿ ತುಂಬಿದರು, ಹೊತ್ತರು, ಸುರಿದರು. ತುಂಬಿದರು, ಹೊತ್ತರು, ಸುರಿದರು. ಮಣ್ಣು ಸುರಿದಷ್ಟೂ ನೀರು ತಿನ್ನಿತು. ಗಂಟು ಹಾಕಿ ಹಾಕಿ ನಯವಾಗಿದ್ದ ಬೆರಳುಗಳಲ್ಲಿ ರಕ್ತ ಬಂತು. ನೀರಿನ ಬಾಯಿ ತೋಳಿನಿಂದ ತೊಡೆಯಷ್ಟಾಯಿತು.

ಹೊತ್ತು ಇಳಿಯುತ್ತಿದ್ದಾಗ ಬೀದಿಯ ನಡುವಿನಿಂದ ಒಬ್ಬ ಮನುಷ್ಯ ನಿಧಾನವಾಗಿ ನಡೆದುಬಂದ. ಹೆಗಲ ಮೇಲೆ ಕಬ್ಬಿಣದ ಸಲಾಕೆ.

ಮಣ್ಣು ಅಗೆಯುವವಳು ಬುಟ್ಟಿ ಕೆಳಗೆ ಬಿಟ್ಟಳು. “ನೀರುಗಂಟಿ!”

ಅವನು ನೇರ ತೂಬಿನ ಬಳಿಗೆ ಬಂದ. ಏರಿಯನ್ನು ಒಮ್ಮೆ ನೋಡಿದ, ಚಪ್ಪಲಿ ಬಿಟ್ಟ, ತೂಬಿನ ಕಲ್ಲಿಗೆ ಕೈಮುಗಿದು ಸಲಾಕೆ ತೂರಿಸಿ ಮೇಲೆತ್ತಿದ. ಕೆರೆ ಒಮ್ಮೆ ಗುಡುಗಿತು. ನೀರು ತೂಬಿನ ದಾರಿ ಹಿಡಿದು ಕಾಲುವೆಗೆ ಇಳಿಯಿತು. ಏರಿಯ ಮೇಲಿನ ಭಾರ ಇಳಿಯಿತು. ಒಸರುವ ಬಾಯಿ ತೊಡೆಯಿಂದ ತೋಳಿಗೆ, ತೋಳಿನಿಂದ ಬೆರಳಿಗೆ ಬಂತು. ಅದರ ಮೇಲೆ ಸುರಿದ ಮಣ್ಣು ಈಗ ನಿಂತಿತು.

ಗಂಟಿನವನು ಅವನ ಕಾಲಿಗೆ ಬೀಳುವುದೊಂದು ಬಾಕಿ. “ಅಣ್ಣಾ, ಈ ಬೀದಿಯಿಂದ ಒಂದು ಸೊಲ್ಲೂ ಆಚೆ ಹೋಗಿಲ್ಲ. ನಿನಗೆ ಯಾರು ಹೇಳಿದರು?”

“ಯಾರೂ ಹೇಳಲಿಲ್ಲ, ಅದಕ್ಕೇ ಬಂದೆ,” ಅಂದ ನೀರುಗಂಟಿ, ಮುಖ ಒರೆಸಿಕೊಳ್ಳುತ್ತ. “ದಿನಾ ಊಟಕ್ಕೆ ಕೂರುವಾಗ ಇವಳ ಬರಿ ಕುಡಿಕೆ ಬರುತ್ತದೆ. ಮುಚ್ಚಳ ತೆಗೆಯುತ್ತೇನೆ. ಒಳಗೆ ಏನೂ ಕೇಳುವುದಿಲ್ಲ. ಏನೂ ಇಲ್ಲ ಅಂದರೆ ಏರಿ ಚೆನ್ನಾಗಿದೆ ಅಂತ. ಆಮೇಲೆ ತುತ್ತು ಎತ್ತುತ್ತೇನೆ. ಇವತ್ತು ಕುಡಿಕೆಯೇ ಬರಲಿಲ್ಲ. ಕಾದೆ, ಬರಲಿಲ್ಲ. ಅನ್ನ ತಣ್ಣಗಾಯಿತು. ಸಲಾಕೆ ತಗೊಂಡು ಎದ್ದೆ.”

ಗಂಟಿನವನು ನಡುಮನೆಯ ಕಡೆ ತಿರುಗಿ ನೋಡಿದ. ಅವನ ಗಂಟು ಬೀದಿಯಿಂದ ಹೊರಡುವ ಎಲ್ಲವನ್ನೂ ತಡೆದಿತ್ತು. ಕುಡಿಕೆಯನ್ನು ತಡೆದಿತ್ತು, ಎರಚಿದ ನೀರನ್ನು ತಡೆದಿತ್ತು, ಅವನನ್ನೇ ತಡೆದಿತ್ತು. ಆದರೆ ಬಾರದೆ ಇದ್ದದ್ದು ಮಾತ್ರ ಬಾಗಿಲು ದಾಟಿ, ತೂಬಿನ ಬೀದಿಗೆ ಹೋಗಿ, ನೀರುಗಂಟಿಯ ಎಲೆಯ ಮುಂದೆ ಕೂತಿತ್ತು. ಅದನ್ನು ತಡೆಯುವ ಗಂಟು ಯಾವ ಹಗ್ಗದಲ್ಲೂ ಇಲ್ಲ.

“ಸರಿ, ನಾನು ಬರುತ್ತೇನೆ, ಅನ್ನ ಕಾದಿದೆ,” ಅಂತ ನೀರುಗಂಟಿ ಹೊರಟ. ಬಾಗಿಲವರೆಗೆ ಹೋಗಿ ತಿರುಗಿ ಬಂದ. “ಇದೇನ್ರಪ್ಪಾ, ನಾನು ತೂಬಿನ ಬೀದಿಯವನು, ನನಗೂ ತೆರೆಯುವುದಿಲ್ಲವಲ್ಲ!”

“ಹಗ್ಗಕ್ಕೆ ಹುಟ್ಟಿದ ಮನೆ ಗೊತ್ತಿಲ್ಲ ಅಣ್ಣಾ, ಬಂದ ದಾರಿ ಗೊತ್ತು,” ಅಂದ ಗಂಟಿನವನು. “ನಮ್ಮಲ್ಲೇ ಉಂಡು ಮಲಗು. ತಪ್ಪು ನನ್ನದು, ಅನ್ನವೂ ನನ್ನದೇ ಆಗಲಿ.”

“ಹುಳಿ ಚೆನ್ನಾಗಿದ್ದರೆ ತಪ್ಪು ಹೊಟ್ಟೆಗೆ ಹಾಕಿಕೊಳ್ಳುತ್ತೇನೆ,” ಅಂದ ನೀರುಗಂಟಿ.

ಮರುದಿನ ಬಿಸಿಲು ಮೂಡಿದ ಮೇಲೆ ಬೀದಿಗೆ ಬೀದಿಯೇ ಬಾಗಿಲ ಮುಂದೆ ಕೂತಿತ್ತು. ಜಾಲಂದ್ರದಾಚೆ ದೀಪ ಸಣ್ಣಗಾಯಿತು. ಬತ್ತಿಯ ತುದಿ ಕೆಂಪಾಯಿತು. ಒಂದು ಎಳೆ ಹೊಗೆ ಎದ್ದಿತು. ಆ ಊರಿನಲ್ಲಿ ದೀಪ ಶಾಂತವಾದದ್ದಕ್ಕೆ ಜನ ಕೈಮುಗಿದದ್ದು ಅದೇ ಮೊದಲು. ಹಗ್ಗದ ತಲೆಯಲ್ಲಿ ಗಂಟು ತಾನಾಗಿ ಸಡಿಲಿ ಬಿಚ್ಚಿಕೊಂಡಿತು. ಹಗ್ಗ ಒಮ್ಮೆ ಅಲುಗಿತು. ಬಾಗಿಲು ತೆರೆಯಿತು.

ಗಂಟಿನವನು ಒಳಗೆ ಹೋಗಿ ಹಗ್ಗಕ್ಕೆ ಕೈಮುಗಿದ. ಎಣ್ಣೆಯ ಗಿಂಡಿಗೆ ಕೈ ಹಾಕಿದ್ದೇ ತಡ, ಹಿಂದಿನಿಂದ ದನಿ ಬಂತು.

“ಗಿಂಡಿ ಈ ಕಡೆ ಕೊಡಿ ಅಳಿಯಂದಿರೇ. ಮಿಳ್ಳೆ ಹಿಡಿಯಿರಿ.”

ಒಂದು ಮಿಳ್ಳೆ ಎಣ್ಣೆ ಹಾಕಿ ದೀಪ ಹಚ್ಚಿದ. ಕೆಳಗಿದ್ದ ಕೆರೆಯ ಗಂಟನ್ನು ಬಿಚ್ಚಿ ಹಗ್ಗದ ತಲೆಗೆ ಕಟ್ಟಿದ. ಬರಿ ಕುಡಿಕೆ ಎಲ್ಲಕ್ಕಿಂತ ಮುಂದೆ ಅಂತ ಅದರ ಜೊತೆಗೇ ಇನ್ನೊಂದು ಗಂಟು. ಒಂದೇ ಆಗಿದ್ದ ಸಾಲನ್ನು ಮೂರು ಮಾಡಿದ. ಮೊದಲ ಸಾಲಿಗೆ ಬರಿ ಕುಡಿಕೆ ಮತ್ತು ಕೆರೆಯ ಮಾತು, ಅಷ್ಟೇ. ಮೊದಲ ಸಾಲು ಸಣ್ಣದಾಗಿದ್ದರೆ ತಾನೇ ಅದು ಮೊದಲ ಸಾಲು? ನಡುವಿನ ಸಾಲಿಗೆ ಧಾರಣೆ, ಔಷಧಿ, ಮದುವೆ. ಕೊನೆಯ ಸಾಲಿಗೆ ನಗೆಕುಡಿಕೆ. ಅವುಗಳ ಬಾಗಿಲು ಮುಚ್ಚಲಿಲ್ಲ. ನಡುವಿನ ಸಾಲು ಎಷ್ಟೇ ಉದ್ದವಿರಲಿ, ಆಗಾಗ ಒಂದು ನಗೆಕುಡಿಕೆಗೂ ಸರದಿ ಇಟ್ಟ. ನಗು ಪೂರ್ತಿ ಹಳಸಿಹೋದ ಊರಿನಲ್ಲಿ ಯಾರು ಬಾಳಿಯಾರು? ಕೊನೆಗೆ ಕೆಂಪು ದಾರ. ಕಳಿಸುವವರು ಕಟ್ಟಿದ ದಾರ ಹೊಸ್ತಿಲಲ್ಲೇ ಕಳಚಿ ಬೀಳಲಿ, ಅವಸರದ್ದು ಯಾವುದು ಅನ್ನುವುದನ್ನು ನಡುಮನೆ ಹೇಳಲಿ ಅಂತ ಗಂಟು ಹಾಕಿದ.

ಆಮೇಲೆ ಅರಗಿಗೆ ಕೈ ಹಾಕಲಿಲ್ಲ. ಮೊದಲು ತನ್ನ ಬೀದಿಯ ಬಾಗಿಲಿನಿಂದ ಹೊರಗೆ ಹೋದ. ಹೊಸ್ತಿಲಾಚೆ ನಿಂತ. ತಿರುಗಿದ. ಒಳಗೆ ಕಾಲಿಟ್ಟ. ಬಾಗಿಲು ತೆರೆಯಿತು. ಎಲ್ಲ ಬೀದಿಯ ಬಾಗಿಲಲ್ಲೂ ಹಾಗೇ ಹೋದ, ಹಾಗೇ ಬಂದ. ದೀಪ ಇನ್ನೂ ಉರಿಯುತ್ತಿತ್ತು. ಆಗ ಅರಗು ಕಾಯಿಸಿ ಒಂದೊಂದು ಗಂಟಿಗೂ ಸವರಿದ.

ನಡುಹಗಲಾಯಿತು. ನಡುವಿನ ಸಾಲು ಉದ್ದವಾಗಿತ್ತು. ಸಂತೆ ಬೀದಿಯ ಯಜಮಾನ ಕಳಚಿಬಿದ್ದ ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಂಡು, ತನ್ನ ಧಾರಣೆಯ ಕುಡಿಕೆ ಯಾವಾಗ ದಾಟುತ್ತದೋ ಅಂತ ಕಾಯುತ್ತಿದ್ದ. ಮಣ್ಣು ಅಗೆಯುವವಳು ಬಂದು ಹೊಸ್ತಿಲ ಮೇಲೆ ಒಂದು ಕುಡಿಕೆ ಇಟ್ಟಳು. ಹಗ್ಗ ಒಮ್ಮೆ ಅಲುಗಿತು. ಕುಡಿಕೆ ಎಲ್ಲರ ಪಕ್ಕದಲ್ಲಿ ಸರಿದು, ಧಾರಣೆಯನ್ನು ದಾಟಿ, ಔಷಧಿಯನ್ನು ದಾಟಿ, ಮುಂದಕ್ಕೆ ಹೋಯಿತು.

“ಏಯ್, ಏನದು ಅಷ್ಟು ಅವಸರದ್ದು?” ಯಜಮಾನ ಎದ್ದು ಬಂದು ಮುಚ್ಚಳ ಎತ್ತಿ ಕಿವಿಯಿಟ್ಟ. ಮುಖ ಸಿಂಡರಿಸಿದ. “ಇದರೊಳಗೆ ಏನೂ ಇಲ್ಲವಲ್ಲಯ್ಯಾ!”

“ಇಲ್ಲ ಯಜಮಾನರೇ,” ಅಂದ ಗಂಟಿನವನು, ಮುಚ್ಚಳವನ್ನು ಅವನ ಕೈಯಿಂದ ಮೆಲ್ಲಗೆ ತೆಗೆದು ಮತ್ತೆ ಮುಚ್ಚುತ್ತ. “ದೇವರ ದಯೆ, ಏನೂ ಇಲ್ಲ. ದಾರಿ ಬಿಡಿ, ಅಲ್ಲಿ ಒಬ್ಬ ಊಟಕ್ಕೆ ಕಾಯುತ್ತಿದ್ದಾನೆ.”